ಕೇಂಬ್ರಿಜ್ಜಿನ ಬೋಧಕನಾದ ಚಾರ್ಲ್ಸ್ ಸಿಮೆಯೋನನ ಚರಿತ್ರೆ

ಆದಿತ್ಯವಾರದ ಆರಾಧನೆಯಲ್ಲಿ ಸತ್ಯವೇದದ ಒಂದು ವಚನವನ್ನು ಓದಿ, ಅದರ ಮೇಲೆ ಪ್ರಸಂಗ ಮಾಡುವ ಪದ್ಧತಿಯನ್ನು ನಾವೆಲ್ಲರೂ ಬಲ್ಲೆವು. ಆದರೆ ಕೆಲವು ಸಾರಿ ಓದಿದ ವಚನವು ಬಾಗಿಲಲ್ಲಿಯೇ ನಿಂತುಬಿಡುತ್ತದೆ. ಪ್ರಸಂಗವು ಮಾತ್ರ ಊರೆಲ್ಲಾ ಸುತ್ತಿ ಬರುತ್ತದೆ. ಕೇಳಿದವರು ಮನೆಗೆ ಹೋದ ಮೇಲೆ, ಇಂದಿನ ವಾಕ್ಯವು ನಮಗೆ ಏನು ಕಲಿಸಿತು ಎಂದು ತಮ್ಮನ್ನು ತಾವೇ ಕೇಳಿಕೊಂಡರೆ ಉತ್ತರವು ದೊರೆಯುವುದಿಲ್ಲ. ಇದು ನಮ್ಮ ಕಾಲದ ಕೊರತೆ ಮಾತ್ರವಲ್ಲ. ಇನ್ನೂರು ವರ್ಷಗಳಿಗೂ ಹಿಂದೆ ಇಂಗ್ಲೆಂಡ್ ದೇಶದಲ್ಲಿ ಇದೇ ಕೊರತೆಯನ್ನು ಕಂಡು, ಅದನ್ನು ನೀಗಿಸುವದಕ್ಕೆ ತನ್ನ ಆಯುಷ್ಯವನ್ನೆಲ್ಲಾ ಸವೆಸಿದ ಒಬ್ಬ ಬೋಧಕನಿದ್ದನು. ಆತನ ಚರಿತ್ರೆಯನ್ನು ಈ ತಿಂಗಳು ನಿಮ್ಮ ಮುಂದೆ ಇಡುತ್ತೇವೆ.

ಚಾರ್ಲ್ಸ್ ಸಿಮೆಯೋನನು ೧೭೫೯ನೆಯ ಇಸವಿ ಸೆಪ್ಟೆಂಬರ್ ೨೪ರಂದು ರೆಡಿಂಗ್ ಎಂಬ ಪಟ್ಟಣದಲ್ಲಿ ಹುಟ್ಟಿದನು. ತಂದೆಯು ಐಶ್ವರ್ಯವಂತನಾದ ಗೃಹಸ್ಥನು. ಹುಡುಗನನ್ನು ದೊಡ್ಡ ಮನೆತನದವರ ಮಕ್ಕಳು ಓದುವ ಈಟನ್ ಎಂಬ ಶಾಲೆಗೆ ಕಳುಹಿಸಿದರು. ಅಲ್ಲಿ ಆತನು ಆಟದಲ್ಲಿ ಚುರುಕು, ಕುದುರೆ ಸವಾರಿಯಲ್ಲಿ ಗಟ್ಟಿಗ, ಉಡುಗೆತೊಡುಗೆಯಲ್ಲಿ ಶೋಕಿಗಾರ. ಸಿಟ್ಟಾದರೋ ಮೂಗಿನ ತುದಿಯಲ್ಲಿಯೇ ಇತ್ತು. ದೇವರ ವಿಷಯದ ಚಿಂತೆಯು ಆತನ ಹತ್ತಿರ ಸುಳಿಯುತ್ತಿರಲಿಲ್ಲ.

೧೭೭೯ನೆಯ ಇಸವಿಯ ಜನವರಿ ತಿಂಗಳಲ್ಲಿ ಆತನು ಕೇಂಬ್ರಿಜ್ ವಿಶ್ವವಿದ್ಯಾಲಯದ ಕಿಂಗ್ಸ್ ಕಾಲೇಜನ್ನು ಸೇರಿದನು. ಸೇರಿದ ಮೂರನೆಯ ದಿನವೇ, ಇನ್ನು ಮೂರು ವಾರಗಳಲ್ಲಿ ನೀನು ಕರ್ತನ ಭೋಜನದಲ್ಲಿ ಪಾಲುಗೊಳ್ಳಬೇಕೆಂಬ ಕಾಲೇಜಿನ ಕಟ್ಟಳೆಯು ಆತನಿಗೆ ತಿಳಿಸಲ್ಪಟ್ಟಿತು. ಉಳಿದ ಹುಡುಗರಿಗೆ ಇದೊಂದು ಸಾಮಾನ್ಯವಾದ ನಿಯಮವಾಗಿತ್ತು. ಸಿಮೆಯೋನನಿಗಾದರೋ ಸಿಡಿಲು ಬಡಿದಂತಾಯಿತು. ಆ ಪವಿತ್ರ ಮೇಜಿನ ಬಳಿಗೆ ಹೋಗುವದಕ್ಕೆ ಸೈತಾನನಿಗೆ ಎಷ್ಟು ಯೋಗ್ಯತೆಯಿದೆಯೋ ತನಗೂ ಅಷ್ಟೇ ಇದೆಯೆಂದು ಆತನ ಮನಸ್ಸು ಚುಚ್ಚಿತು. ಭಕ್ತಿಯ ಪುಸ್ತಕಗಳನ್ನು ಓದಿದನು, ಉಪವಾಸ ಮಾಡಿದನು, ಅತ್ತು ಪ್ರಾರ್ಥಿಸಿದನು. ದೇಹವು ಸೊರಗಿ ಕಾಯಿಲೆ ಬಿದ್ದನು. ಆದರೂ ಸಮಾಧಾನವು ಸಿಕ್ಕಲಿಲ್ಲ.

ಈಸ್ಟರ್ ಹಬ್ಬದ ವಾರದಲ್ಲಿ ವಿಲ್ಸನ್ ಎಂಬ ಬಿಶಪನು ಕರ್ತನ ಭೋಜನವನ್ನು ಕುರಿತು ಬರೆದ ಪುಸ್ತಕವೊಂದನ್ನು ಆತನು ಓದುತ್ತಿದ್ದನು. ಪೂರ್ವಕಾಲದ ಇಸ್ರಾಯೇಲ್ಯರು ಯಜ್ಞಪಶುವಿನ ತಲೆಯ ಮೇಲೆ ಕೈಯಿಟ್ಟು ತಮ್ಮ ಪಾಪವನ್ನು ಅದರ ಮೇಲೆ ಹೊರಿಸುವಾಗ ತಾವು ಮಾಡುವುದೇನೆಂದು ತಿಳಿದೇ ಮಾಡುತ್ತಿದ್ದರೆಂಬ ಮಾತು ಅದರಲ್ಲಿತ್ತು. ಆ ಕ್ಷಣವೇ ಆತನಿಗೆ ಬೆಳಕಾಯಿತು: ಹಾಗಾದರೆ ದೇವರೇ ಒದಗಿಸಿದ ಯಜ್ಞವೊಂದಿದೆಯಲ್ಲಾ, ನನ್ನ ಪಾಪವನ್ನು ನಾನೇಕೆ ಇನ್ನೂ ಹೊತ್ತಿರಬೇಕು ಎಂದುಕೊಂಡು, ಅದನ್ನೆಲ್ಲಾ ಯೇಸುವಿನ ಮೇಲೆ ಇಟ್ಟನು. ಏಪ್ರಿಲ್ ೪ನೆಯ ತಾರೀಖು, ಪುನರುತ್ಥಾನದ ಆದಿತ್ಯವಾರದ ಬೆಳಿಗ್ಗೆ, ಕರ್ತನು ಎದ್ದಿದ್ದಾನೆಂಬ ಸಂತೋಷವನ್ನು ಬಾಯಲ್ಲಿಟ್ಟುಕೊಂಡೇ ಎಚ್ಚೆತ್ತನು. ಇಲ್ಲಿ ವಾಚಕರು ಒಂದು ಸಂಗತಿಯನ್ನು ಗುರುತಿಸಬೇಕು. ಯಾಜಕಕಾಂಡದ ಒಂದು ಹಳೆಯ ವಿಧಿಯ ನಿಜವಾದ ಅರ್ಥವು ತಿಳಿದದ್ದರಿಂದಲೇ ಆತನು ಬದುಕಿದನು. ವಾಕ್ಯದ ಅರ್ಥವನ್ನು ಸರಿಯಾಗಿ ಬಿಡಿಸಿ ಹೇಳುವದು ಪ್ರಾಣಕ್ಕೆ ಸಂಬಂಧಪಟ್ಟ ಕೆಲಸವೆಂದು ಆತನು ಆ ದಿನ ಕಲಿತದ್ದನ್ನು ಕಡೆಯ ವರೆಗೂ ಮರೆಯಲಿಲ್ಲ.

೧೭೮೨ರ ಮೇ ತಿಂಗಳಲ್ಲಿ ಆತನಿಗೆ ಸಭಾಸೇವೆಯ ದೀಕ್ಷೆಯಾಯಿತು. ಅದೇ ವರ್ಷದ ಕೊನೆಯಲ್ಲಿ ಕೇಂಬ್ರಿಜ್ ಪಟ್ಟಣದ ನಡುವೆ ಇರುವ ಪರಿಶುದ್ಧ ತ್ರಯೇಕ ದೇವಾಲಯದ ಬೋಧಕನ ಸ್ಥಾನವು ತೆರವಾಯಿತು. ಬಿಶಪನು ಇಪ್ಪತ್ತಮೂರು ವರ್ಷದ ಸಿಮೆಯೋನನನ್ನು ಆ ಸ್ಥಾನಕ್ಕೆ ನೇಮಿಸಿದನು. ಆದರೆ ಸಭೆಯವರು ಅಲ್ಲಿ ಮೊದಲೇ ಸಹಾಯಕನಾಗಿದ್ದ ಇನ್ನೊಬ್ಬನನ್ನು ಬಯಸಿದ್ದರು. ತಮ್ಮ ಇಷ್ಟವು ನಡೆಯದೆ ಹೋದದ್ದರಿಂದಲೂ, ಹೊಸ ಬೋಧಕನು ಪಾಪ, ಮಾನಸಾಂತರ, ಹೊಸ ಜನ್ಮ ಎಂದು ಮನಸ್ಸಿಗೆ ನಾಟುವಂತೆ ಮಾತಾಡುತ್ತಾನೆಂಬ ಸುದ್ದಿಯಿಂದಲೂ ಅವರು ಕೋಪಗೊಂಡರು.

ಆ ಕಾಲದಲ್ಲಿ ಆ ದೇಶದ ದೇವಾಲಯಗಳಲ್ಲಿ ಬೆಂಚುಗಳಿಗೆ ಬಾಗಿಲುಗಳಿದ್ದವು. ಒಂದೊಂದು ಕುಟುಂಬವು ತನ್ನ ಸ್ಥಳಕ್ಕೆ ಬೀಗ ಹಾಕಿಕೊಳ್ಳಬಹುದಾಗಿತ್ತು. ಸಭೆಯ ಗೃಹಸ್ಥರು ತಮ್ಮ ಸ್ಥಳಗಳಿಗೆ ಬೀಗ ಹಾಕಿ ಮನೆಯಲ್ಲಿಯೇ ಉಳಿದರು. ಕೇಳಲು ಬಂದ ಬಡವರೂ ಅನ್ಯಸ್ಥಳದವರೂ ನಡುದಾರಿಯಲ್ಲಿ ನಿಲ್ಲಬೇಕಾಯಿತು. ಸಿಮೆಯೋನನು ಸ್ವಂತ ಖರ್ಚಿನಿಂದ ಹಲಗೆಗಳನ್ನು ತರಿಸಿ ಹಾಕಿದರೆ, ದೇವಾಲಯದ ಮೇಲ್ವಿಚಾರಕರು ಅವುಗಳನ್ನು ಹೊರಗಿನ ಅಂಗಳಕ್ಕೆ ಎಸೆದರು. ಆದಿತ್ಯವಾರ ಸಾಯಂಕಾಲ ಇನ್ನೊಂದು ಆರಾಧನೆಯನ್ನು ಆರಂಭಿಸಿದರೆ, ಬಾಗಿಲಿಗೇ ಬೀಗ ಜಡಿದು ಹೋದರು. ಮಧ್ಯಾಹ್ನದ ಪ್ರಸಂಗಿಯನ್ನು ಆರಿಸುವ ಹಕ್ಕು ಸಭೆಯವರ ಕೈಯಲ್ಲಿತ್ತು. ಹನ್ನೆರಡು ವರ್ಷಗಳ ಕಾಲ ಅವರು ಆ ಕೆಲಸವನ್ನು ಬೇರೆಯವರಿಗೇ ಕೊಟ್ಟರು. ಕಾಲೇಜಿನ ಹುಡುಗರು ಆರಾಧನೆಯ ವೇಳೆಯಲ್ಲಿ ಗದ್ದಲವೆಬ್ಬಿಸಿ ಕಿಟಕಿಗಳಿಗೆ ಕಲ್ಲೆಸೆಯುತ್ತಿದ್ದರು. ಆತನ ಪ್ರಸಂಗವನ್ನು ಕೇಳಲು ಹೋದ ವಿದ್ಯಾರ್ಥಿಗೆ ಸ್ನೇಹಿತರ ನಡುವೆ ಅಡ್ಡಹೆಸರು ತಪ್ಪುತ್ತಿರಲಿಲ್ಲ.

ಇಂಥ ದಿನಗಳಲ್ಲೊಮ್ಮೆ ಸಿಮೆಯೋನನು ಮನಸ್ಸು ಕುಗ್ಗಿದವನಾಗಿ ಚಿಕ್ಕ ಹೊಸ ಒಡಂಬಡಿಕೆಯನ್ನು ಕೈಯಲ್ಲಿ ಹಿಡಿದು ಒಬ್ಬನೇ ಅಡ್ಡಾಡುತ್ತಿದ್ದನು. ಪುಸ್ತಕವನ್ನು ಎಲ್ಲಿಯಾದರೂ ತೆರೆದು ಸಿಕ್ಕಿದ ವಚನದಿಂದ ಮುಂದಿನ ದಾರಿಯನ್ನು ಗೊತ್ತುಮಾಡಿಕೊಳ್ಳುವದು ಆತನ ಪದ್ಧತಿಯಲ್ಲ. ಅದು ವಾಕ್ಯವನ್ನು ಶಕುನದ ಚೀಟಿಯನ್ನಾಗಿ ಮಾಡಿದಂತೆಯೇ ಸರಿ. ಆದರೆ ಆ ದಿನ ಒಂದು ಆದರಣೆಯ ಮಾತನ್ನು ಬೇಡಿಕೊಂಡು ಪುಸ್ತಕವನ್ನು ತೆರೆದಾಗ, ಸಿಪಾಯಿಗಳು ಕುರೇನ್ಯದ ಸೀಮೋನನನ್ನು ಹಿಡಿದು ಯೇಸುವಿನ ಶಿಲುಬೆಯನ್ನು ಅವನ ಮೇಲೆ ಹೊರಿಸಿದ ಸಂಗತಿಯು ಕಣ್ಣಿಗೆ ಬಿತ್ತು. ಸೀಮೋನ, ಸಿಮೆಯೋನ ಎರಡೂ ಒಂದೇ ಹೆಸರು. ತನ್ನ ಕರ್ತನ ಶಿಲುಬೆಯ ಒಂದು ತುದಿಯನ್ನು ಹೊರುವ ಭಾಗ್ಯವು ತನಗೂ ದೊರೆಯಿತೆಂದು ಆತನು ಹಿಗ್ಗಿದನು. ಅಂದಿನಿಂದ ನಿಂದೆಯು ಆತನಿಗೆ ಕಿರೀಟದಂತಾಯಿತು. ಕರ್ತನ ಸೇವಕನು ಜಗಳವಾಡದೆ ಎಲ್ಲರೊಡನೆ ಸಾತ್ವಿಕನಾಗಿರಬೇಕೆಂದು ಪೌಲನು ತಿಮೊಥೆಯನಿಗೆ ಬರೆದ ಬುದ್ಧಿಮಾತನ್ನು ಆತನು ತನ್ನದಾಗಿ ಮಾಡಿಕೊಂಡನು. ಅರ್ಧ ಸಭೆಯೇ ಕೇಳಿದರೂ ಅವರಿಗೆ ಇಮ್ಮಡಿ ಆಶೀರ್ವಾದವಾದರೆ ಸಾಕೆಂದು ತಾಳಿಕೊಂಡನು. ಕೊನೆಗೆ ೧೭೯೪ರಲ್ಲಿ ಅದೇ ಸಭೆಯವರು ಮಧ್ಯಾಹ್ನದ ಪ್ರಸಂಗಕ್ಕೂ ಆತನನ್ನೇ ಆರಿಸಿದರು.

ಈಗ ಆತನ ಮುಖ್ಯವಾದ ಕೆಲಸವನ್ನು ನೋಡೋಣ. ಬೋಧಕನಾದ ಮೊದಲ ಏಳು ವರ್ಷ ತನಗೆ ಪ್ರಸಂಗದ ತಲೆ ಯಾವುದು, ಬಾಲ ಯಾವುದು ಎಂಬುದೇ ತಿಳಿದಿರಲಿಲ್ಲವೆಂದು ಆತನೇ ಒಪ್ಪಿಕೊಂಡಿದ್ದಾನೆ. ತಿಳಿಸುವವರೂ ಇರಲಿಲ್ಲ. ವಿಶ್ವವಿದ್ಯಾಲಯದಲ್ಲಿ ಗಣಿತವನ್ನೂ ಪ್ರಾಚೀನ ಭಾಷೆಗಳನ್ನೂ ಕಲಿಸುತ್ತಿದ್ದರು. ಪ್ರಸಂಗ ಮಾಡುವದನ್ನು ಕಲಿಸುವವರು ಒಬ್ಬರೂ ಇಲ್ಲ. ಬೇರೊಬ್ಬರು ಅಚ್ಚುಹಾಕಿಸಿದ ಪ್ರಸಂಗಗಳನ್ನು ಕೊಂಡು ಓದಿಬಿಡುವ ಪಾದ್ರಿಗಳು ಅನೇಕರಿದ್ದರು. ಸಿಮೆಯೋನನು ಪ್ರಾರ್ಥನೆಯಿಂದಲೂ ಅನುಭವದಿಂದಲೂ ಕೆಲವು ಸೂತ್ರಗಳನ್ನು ತಾನೇ ಕಂಡುಕೊಂಡನು. ಆ ಮೇಲೆ ಕ್ಲೋಡ್ ಎಂಬ ಫ್ರೆಂಚ್ ಪ್ರೊಟೆಸ್ಟಂಟ್ ಬೋಧಕನು ಪ್ರಸಂಗ ರಚನೆಯನ್ನು ಕುರಿತು ಬರೆದ ಗ್ರಂಥವು ಕೈಗೆ ಸಿಕ್ಕಿತು. ತಾನು ಕಷ್ಟಪಟ್ಟು ಕಂಡುಕೊಂಡ ಸೂತ್ರಗಳೇ ಅದರಲ್ಲಿರುವದನ್ನು ನೋಡಿ ಆಶ್ಚರ್ಯಪಟ್ಟನು. ೧೭೯೬ರಲ್ಲಿ ಆ ಗ್ರಂಥವನ್ನು ತಿದ್ದಿ, ತನ್ನ ಕೆಲವು ಪ್ರಸಂಗಗಳ ರೂಪರೇಖೆಗಳೊಡನೆ ಪ್ರಕಟಿಸಿದನು.

ಆತನ ಮೊದಲ ಸೂತ್ರವು ಇದು: ವಚನದೊಳಗೆ ಇರುವದನ್ನು ಹೊರಗೆ ತರಬೇಕೇ ಹೊರತು, ಅಲ್ಲಿ ಇರಬಹುದೆಂದು ತನಗೆ ತೋಚಿದ್ದನ್ನು ಒಳಗೆ ತುರುಕಬಾರದು. ನಮ್ಮ ಹಳ್ಳಿಯ ಮಾತಿನಲ್ಲಿ ಹೇಳುವದಾದರೆ, ಬಾವಿಯಿಂದ ನೀರು ಸೇದುವವನು ಮನೆಯಿಂದ ತಂದ ನೀರನ್ನು ಬಾವಿಗೆ ಸುರಿದು, ಅದನ್ನೇ ಮತ್ತೆ ಸೇದಿ, ಇದು ಬಾವಿಯ ನೀರೆಂದು ಹಂಚುವದಿಲ್ಲ. ಬೋಧಕನು ತನ್ನ ಅಭಿಪ್ರಾಯವನ್ನು ವಚನದ ಬಾಯಿಂದ ಹೇಳಿಸಿದರೆ, ಕೇಳುವವರಿಗೆ ದೇವರ ಮಾತಲ್ಲ, ಆ ಬೋಧಕನ ಮಾತೇ ಸಿಕ್ಕುತ್ತದೆ. ಇದಕ್ಕೆ ನಾವೇ ಒಂದು ಉದಾಹರಣೆಯನ್ನು ಕೊಡುತ್ತೇವೆ. ಬಲಪಡಿಸುವಾತನ ಮೂಲಕ ತಾನು ಎಲ್ಲಕ್ಕೂ ಶಕ್ತನೆಂದು ಪೌಲನು ಫಿಲಿಪ್ಪಿಯವರಿಗೆ ಬರೆದ ಮಾತನ್ನು ಹಿಡಿದು, ನಂಬಿದವನು ಮುಟ್ಟಿದ್ದೆಲ್ಲಾ ಹೊನ್ನಾಗುವದು, ವ್ಯಾಜ್ಯವನ್ನು ಗೆಲ್ಲುವನು, ಬೆಳೆಯು ಹುಲುಸಾಗುವದು ಎಂದು ಬೋಧಿಸುವವರುಂಟು. ಆದರೆ ಅದರ ಹಿಂದಿನ ಮಾತುಗಳನ್ನು ಓದಿರಿ. ಪೌಲನು ಸೆರೆಯಲ್ಲಿದ್ದಾನೆ, ಹಸಿವನ್ನೂ ತೃಪ್ತಿಯನ್ನೂ, ಕೊರತೆಯನ್ನೂ ಸಮೃದ್ಧಿಯನ್ನೂ ಒಂದೇ ಮನಸ್ಸಿನಿಂದ ತಾಳುವದನ್ನು ಕಲಿತಿದ್ದೇನೆ ಎಂಬುದೇ ಆತನ ವಿಷಯ. ಆ ವಚನವು ಗೆಲ್ಲುವ ಶಕ್ತಿಯನ್ನಲ್ಲ, ಮಳೆ ಹೋದ ವರ್ಷದಲ್ಲಿಯೂ ಗೊಣಗದೆ ಇರುವ ಶಕ್ತಿಯನ್ನು ವಾಗ್ದಾನ ಮಾಡುತ್ತದೆ. ಬಡ ರೈತನಿಗೆ ಯಾವ ಅರ್ಥವು ಹೆಚ್ಚು ಉಪಯೋಗವೆಂದು ನೀವೇ ಯೋಚಿಸಿರಿ. ಮೊದಲನೆಯದನ್ನು ನಂಬಿದವನು ಬೆಳೆ ಹೋದ ವರ್ಷ ದೇವರನ್ನೇ ಬಿಟ್ಟಾನು. ಎರಡನೆಯದನ್ನು ನಂಬಿದವನು ಆ ವರ್ಷವೂ ನಿಲ್ಲುವನು.

ಎರಡನೆಯ ಸೂತ್ರವು, ಪ್ರಸಂಗಕ್ಕೆ ಒಂದೇ ವಿಷಯವಿರಬೇಕೆಂಬುದು. ವಚನವನ್ನು ಹಿಂದುಮುಂದಿನ ಮಾತುಗಳೊಡನೆ ಓದಿ, ಇದರ ಮುಖ್ಯವಾದ ಅಭಿಪ್ರಾಯವೇನೆಂದು ಕೇಳಿಕೊಂಡು, ಅದನ್ನು ಒಂದು ಸರಳ ವಾಕ್ಯದಲ್ಲಿ ಹೇಳಿಕೊಳ್ಳಬೇಕು. ಆ ಮೇಲೆ ಎರಡು ಅಥವಾ ಮೂರು ಭಾಗ ಮಾಡಿ ವಿವರಿಸಿ, ಕೊನೆಗೆ ಕೇಳುವವರ ನಡತೆಗೆ ಅನ್ವಯಿಸಬೇಕು. ಪ್ರಸಂಗವು ದೂರದರ್ಶಕದ ಕೊಳವೆಯಂತಿರಬೇಕೆಂದೂ, ಅದರ ಒಂದೊಂದು ಗಾಜು ದೂರದ ವಸ್ತುವನ್ನು ಹತ್ತಿರಕ್ಕೆ ತರುವಂತೆ ಪ್ರಸಂಗದ ಒಂದೊಂದು ಭಾಗವೂ ವಚನವನ್ನು ಇನ್ನಷ್ಟು ಹತ್ತಿರಕ್ಕೆ ತಂದು ಸ್ಪಷ್ಟಪಡಿಸಬೇಕೆಂದೂ ಆತನು ಕಲಿಸಿದನು. ಮೂರನೆಯದಾಗಿ, ಬರೆದು ಮುಗಿಸಿದ ಪ್ರಸಂಗವನ್ನು ಮೂರು ಪ್ರಶ್ನೆಗಳಿಂದ ಪರೀಕ್ಷಿಸುತ್ತಿದ್ದನು: ಇದು ಪಾಪಿಯನ್ನು ತಗ್ಗಿಸುತ್ತದೆಯೋ? ರಕ್ಷಕನನ್ನು ಹೆಚ್ಚಿಸುತ್ತದೆಯೋ? ಪರಿಶುದ್ಧತೆಯನ್ನು ಬೆಳೆಸುತ್ತದೆಯೋ? ಈ ಮೂರರಲ್ಲಿ ಒಂದು ತಪ್ಪಿದರೂ ಆ ಪ್ರಸಂಗವು ಆತನಿಗೆ ಸಮ್ಮತವಾಗುತ್ತಿರಲಿಲ್ಲ.

ಆ ದಿನಗಳಲ್ಲಿ ಇಂಗ್ಲೆಂಡಿನ ಭಕ್ತರು ಎರಡು ಪಕ್ಷಗಳಾಗಿದ್ದರು. ರಕ್ಷಣೆಯು ದೇವರು ಆದುಕೊಂಡದ್ದರಿಂದಲೇ ಬರುತ್ತದೆಂದು ಕ್ಯಾಲ್ವಿನನ ಪಕ್ಷದವರೂ, ಮನುಷ್ಯನು ಕರೆಯನ್ನು ಒಪ್ಪಲೂ ಬಿಡಲೂ ಸ್ವತಂತ್ರನೆಂದು ಅರ್ಮಿನಿಯನ ಪಕ್ಷದವರೂ ವಾದಿಸುತ್ತಿದ್ದರು. ಇಬ್ಬರೂ ತಮಗೆ ಒಗ್ಗದ ವಚನಗಳನ್ನು ತಿರುಚುತ್ತಿದ್ದರು. ಸಿಮೆಯೋನನು ಯಾವ ಪಕ್ಷದ ಕೊರಳಪಟ್ಟಿಯನ್ನೂ ಧರಿಸಲಿಲ್ಲ. ವಚನವು ದೇವರ ಕೃಪೆಯನ್ನು ಹೇಳಿದಲ್ಲಿ ಅದನ್ನು ಪೂರ್ತಿಯಾಗಿ ಹೇಳಿದನು. ಎಚ್ಚರಿಕೆಯನ್ನು ಹೇಳಿದಲ್ಲಿ ಅದನ್ನೂ ಕುಗ್ಗಿಸದೆ ಹೇಳಿದನು. ೧೭೮೪ರಲ್ಲಿ, ಅರ್ಮಿನಿಯನ ಪಕ್ಷದ ಮುಖಂಡನೂ ವೃದ್ಧನೂ ಆದ ಜಾನ್ ವೆಸ್ಲಿಯನ್ನು ಕಂಡಾಗ, ಈ ಯೌವನಸ್ಥನು ಜಗಳವಾಡದೆ ಒಂದೊಂದಾಗಿ ಪ್ರಶ್ನೆಗಳನ್ನು ಕೇಳಿದನು. ನಮ್ಮ ರಕ್ಷಣೆಯು ಆರಂಭದಿಂದ ಅಂತ್ಯದ ವರೆಗೂ ಕ್ರಿಸ್ತನಿಂದಲೇ ಎಂದು ವೆಸ್ಲಿಯು ಒಪ್ಪುತ್ತಾ ಬರಲು, ನನ್ನ ನಂಬಿಕೆಯೂ ಇಷ್ಟೇ ಎಂದು ಸಮಾಧಾನದಿಂದ ಕೈಹಿಡಿದನು.

ಇದೆಲ್ಲಾ ದುಡಿಮೆಯಿಲ್ಲದೆ ಬಂದದ್ದಲ್ಲ. ಆತನು ಚಳಿಗಾಲದಲ್ಲಿಯೂ ಬೆಳಿಗ್ಗೆ ನಾಲ್ಕು ಗಂಟೆಗೆ ಎದ್ದು, ಎಂಟರ ವರೆಗೂ ಪ್ರಾರ್ಥನೆಯಲ್ಲಿಯೂ ಸತ್ಯವೇದದ ಧ್ಯಾನದಲ್ಲಿಯೂ ಇರುತ್ತಿದ್ದನು. ಮೊದಮೊದಲು ನಿದ್ರೆಯು ಜಯಿಸುತ್ತಿದ್ದದ್ದರಿಂದ, ತಡವಾದ ದಿನ ಸೇವಕಿಗೆ ಎರಡೂವರೆ ಶಿಲಿಂಗು ಕೊಡುವೆನೆಂದು ತನಗೆ ದಂಡ ಹಾಕಿಕೊಂಡನಂತೆ. ಒಂದು ಬೆಳಿಗ್ಗೆ ಹಾಸಿಗೆಯಲ್ಲಿಯೇ, ಪಾಪ, ಅವಳು ಬಡವಳು, ಆ ಹಣವು ಅವಳಿಗೆ ಉಪಯೋಗವಾದೀತು ಎಂಬ ಧರ್ಮಬುದ್ಧಿಯು ಹುಟ್ಟಿತು! ಮನಸ್ಸಿನ ಈ ಮೋಸವನ್ನು ಕಂಡು, ಇನ್ನು ತಡವಾದರೆ ಒಂದು ಚಿನ್ನದ ಗಿನಿಯನ್ನು ನದಿಗೆ ಎಸೆಯುವೆನೆಂದು ಗೊತ್ತುಮಾಡಿದನು. ಒಂದು ಸಾರಿ ಕ್ಯಾಮ್ ನದಿಗೆ ಎಸೆದೂ ಬಂದನು. ಎರಡನೆಯ ಸಾರಿ ಎಸೆಯುವ ಅಗತ್ಯವು ಬರಲಿಲ್ಲವೆಂದು ಹೇಳುತ್ತಾರೆ. ಒಂದು ಪ್ರಸಂಗಕ್ಕೆ ಹನ್ನೆರಡು ಗಂಟೆಗಳಿಗಿಂತ ಕಡಿಮೆ ಹಿಡಿಯುವದು ಅಪರೂಪ. ಅನೇಕ ಪ್ರಸಂಗಗಳಿಗೆ ಅದರ ಇಮ್ಮಡಿ ಹಿಡಿಯುತ್ತಿತ್ತು.

ಆತನು ಮದುವೆಯಾಗದೆ ಕಾಲೇಜಿನ ಕೋಣೆಗಳಲ್ಲಿಯೇ ವಾಸಿಸಿದನು. ಅಲ್ಲಿಗೆ ವಿದ್ಯಾರ್ಥಿಗಳನ್ನು ಕರೆದು ಪ್ರಸಂಗದ ತರಗತಿಯನ್ನು ನಡೆಸಿದನು. ಒಂದು ವಚನವನ್ನು ಕೊಟ್ಟು, ಅದರ ರೂಪರೇಖೆಯನ್ನು ಬರೆದು ತರಲು ಹೇಳಿ, ತಂದದ್ದನ್ನು ಅವರ ಮುಂದೆಯೇ ತಿದ್ದುತ್ತಿದ್ದನು. ಶುಕ್ರವಾರ ಸಾಯಂಕಾಲ ಚಹಾ ಕೊಟ್ಟು, ಅವರು ಕೇಳಿದ ಪ್ರಶ್ನೆಗಳಿಗೆ ಸತ್ಯವೇದದಿಂದ ಉತ್ತರ ಹೇಳುತ್ತಿದ್ದನು. ಗಂಟಲಿನಿಂದ ಕೂಗಬೇಡಿರಿ, ಸಹಜವಾದ ಧ್ವನಿಯಲ್ಲಿ ಮಾತಾಡಿರಿ ಎಂಬ ಚಿಕ್ಕ ವಿಷಯವನ್ನು ಸಹ ಬಿಡಲಿಲ್ಲ. ಈ ಕೋಣೆಯಿಂದ ಎದ್ದು ಹೋದ ಯೌವನಸ್ಥರು ಇಂಗ್ಲೆಂಡಿನ ನೂರಾರು ಹಳ್ಳಿಗಳಲ್ಲಿ ಬೋಧಕರಾದರು. ೧೮೩೨-೩೩ರಲ್ಲಿ ಆತನ ಪ್ರಸಂಗಗಳ ರೂಪರೇಖೆಗಳೆಲ್ಲಾ ೨೧ ಸಂಪುಟಗಳಾಗಿ ಹೊರಬಂದವು. ಆದಿಕಾಂಡದಿಂದ ಪ್ರಕಟನೆಯ ವರೆಗೆ ಒಟ್ಟು ೨,೫೩೬ ರೂಪರೇಖೆಗಳು! ಅವು ಎಲುಬಿನ ಗೂಡುಗಳು ಮಾತ್ರ. ಮಾಂಸವನ್ನೂ ಉಸಿರನ್ನೂ ಆಯಾ ಬೋಧಕನೇ ತನ್ನ ಪ್ರಾರ್ಥನೆಯಿಂದ ಕೂಡಿಸಬೇಕೆಂಬುದು ಆತನ ಉದ್ದೇಶವಾಗಿತ್ತು.

ಆತನು ದೋಷವಿಲ್ಲದವನೆಂದು ನಾವು ಹೇಳುವದಿಲ್ಲ. ಹುಟ್ಟಿನಿಂದ ಬಂದ ಮುಂಗೋಪವು ಬಹುಕಾಲ ಆತನನ್ನು ಕಾಡಿತು. ಯೌವನದಲ್ಲಿ ಆತನು ಹೆನ್ರಿ ವೆನ್ ಎಂಬ ವೃದ್ಧ ಬೋಧಕನ ಮನೆಗೆ ಹೋಗಿ ಬರುತ್ತಿದ್ದನು. ಆತನ ಬಿರುಸಾದ ರೀತಿಯನ್ನು ನೋಡಿ ವೆನ್ನನ ಹೆಣ್ಣುಮಕ್ಕಳು ನಗಲಾರಂಭಿಸಿದರು. ಆಗ ತಂದೆಯು ಅವರನ್ನು ತೋಟಕ್ಕೆ ಕರೆದುಕೊಂಡು ಹೋಗಿ, ಪೀಚ್ ಎಂಬ ಹಣ್ಣಿನ ಮರದಿಂದ ಒಂದು ಎಳೆಗಾಯಿಯನ್ನು ಕೀಳಿಸಿ, ಇನ್ನಷ್ಟು ಬಿಸಿಲೂ ಮಳೆಯೂ ಬಿದ್ದರೆ ಈ ಕಾಯಿ ಸಿಹಿ ಹಣ್ಣಾಗುವಂತೆ ಆ ಯೌವನಸ್ಥನೂ ಆಗುವನೆಂದು ತಿಳಿಹೇಳಿದನು. ಹಣ್ಣಾಗುವದಕ್ಕೆ ಬಹಳ ಬಿಸಿಲು ಬೇಕಾಯಿತು. ಒಮ್ಮೆ ಸ್ನೇಹಿತನ ಮನೆಯಲ್ಲಿ ಅಲ್ಪ ಕಾರಣಕ್ಕಾಗಿ ಆಳಿನ ಮೇಲೆ ಸಿಡಿದುಬಿದ್ದನು. ಆ ಸ್ನೇಹಿತನು ಒಬ್ಬ ಆಳು ಬರೆದಂತೆ ಕಾಗದವನ್ನು ಬರೆದು ಸಿಮೆಯೋನನ ಚೀಲದಲ್ಲಿ ಇರಿಸಿದನು. ಅಷ್ಟು ಚೆನ್ನಾಗಿ ಪ್ರಸಂಗಿಸಿ ಪ್ರಾರ್ಥಿಸುವ ಅಯ್ಯನವರು ಇಷ್ಟಕ್ಕೇ ಕೋಪಗೊಳ್ಳುವದು ಹೇಗೆಂಬುದು ಅದರ ಸಾರಾಂಶ. ಸಿಮೆಯೋನನು ಅದನ್ನು ಓದಿ ನಾಚಿ, ಗರ್ವಿಷ್ಠನೂ ಸಿಡುಕನೂ ಎಂದು ತನ್ನ ಹೆಸರನ್ನು ಬರೆದು ಉತ್ತರ ಕಳುಹಿಸಿದನು. ಬೋಧಕನ ಬಾಯಿ ಪ್ರಸಂಗವು ಗಂಟೆಗೆ ಮುಗಿಯುತ್ತದೆ. ನಡತೆಯ ಪ್ರಸಂಗವು ವಾರವೆಲ್ಲಾ ನಡೆಯುತ್ತದೆಂದು ಆತನು ಕಲಿತನು. ೧೭೮೮-೮೯ರ ಕ್ಷಾಮದಲ್ಲಿ ಸುತ್ತಲಿನ ೨೪ ಹಳ್ಳಿಗಳ ಬಡವರಿಗೆ ಅರ್ಧ ಬೆಲೆಗೆ ರೊಟ್ಟಿಯು ಸಿಕ್ಕುವಂತೆ ಏರ್ಪಡಿಸಿ, ತಾನೇ ಕುದುರೆಯೇರಿ ಹೋಗಿ ಅದು ಸರಿಯಾಗಿ ನಡೆಯುತ್ತದೆಯೋ ಎಂದು ನೋಡಿ ಬರುತ್ತಿದ್ದನು.

ನಮ್ಮ ದೇಶಕ್ಕೂ ಆತನಿಗೂ ಸಂಬಂಧವಿದೆ. ೧೭೯೯ರಲ್ಲಿ ಚರ್ಚ್ ಮಿಶನೆರಿ ಸಂಘವನ್ನು ಸ್ಥಾಪಿಸಿದವರಲ್ಲಿ ಆತನೂ ಒಬ್ಬನು. ಬಂಗಾಳದಲ್ಲಿ ವಿಲಿಯಂ ಕೇರಿಯೆಂಬ ಒಬ್ಬನೇ ಮಿಶನೆರಿಯಿಂದ ಆದ ಉಪಕಾರವನ್ನು ಆತನು ಹೇಳುವದನ್ನು ಕೇಳಿ, ಗಣಿತದಲ್ಲಿ ವಿಶ್ವವಿದ್ಯಾಲಯಕ್ಕೇ ಮೊದಲನೆಯವನಾಗಿದ್ದ ಹೆನ್ರಿ ಮಾರ್ಟಿನನ ಮನಸ್ಸು ಕರಗಿತು. ಸಿಮೆಯೋನನ ಸಹಾಯಕನಾಗಿದ್ದ ಈ ಮಾರ್ಟಿನನು ೧೮೦೬ರಲ್ಲಿ ಕಲ್ಕತ್ತೆಗೆ ಬಂದು, ಹೊಸ ಒಡಂಬಡಿಕೆಯನ್ನು ಹಿಂದೂಸ್ಥಾನಿಗೂ ಪಾರಸಿಗೂ ತರ್ಜುಮೆ ಮಾಡಿ, ೧೮೧೨ರಲ್ಲಿ ತುರ್ಕಿ ದೇಶದ ತೋಕಾತ್ ಎಂಬಲ್ಲಿ ೩೧ನೆಯ ವಯಸ್ಸಿನಲ್ಲಿ ತೀರಿಹೋದನು. ಮುಂದೆ ಮದ್ರಾಸಿನ ಮೊದಲ ಬಿಶಪನಾದ ಡೇನಿಯಲ್ ಕೋರಿಯೂ ಸಿಮೆಯೋನನ ಶಿಷ್ಯನೇ. ಮಾರ್ಟಿನನ ಚಿತ್ರಪಟವನ್ನು ಗುರುವು ತನ್ನ ಕೋಣೆಯಲ್ಲಿ ತೂಗುಹಾಕಿದ್ದನು. ಆ ಕಣ್ಣುಗಳು ತನ್ನನ್ನು ನೋಡಿ, ಕಾಲವನ್ನು ಹಗುರವಾಗಿ ಕಳೆಯಬೇಡವೆಂದು ಹೇಳುತ್ತವೆಂದು ಬಂದವರಿಗೆ ತೋರಿಸುತ್ತಿದ್ದನು. ವಾಕ್ಯವನ್ನು ಪ್ರಸಂಗಿಸುವದನ್ನು ಕಲಿಸಿದವನ ಶಿಷ್ಯನು ಆ ವಾಕ್ಯವನ್ನೇ ಜನರ ಭಾಷೆಗೆ ತಂದದ್ದು ಎಷ್ಟು ಸೊಗಸಾದ ಫಲ!

೧೮೦೭ರಲ್ಲಿ ಸಿಮೆಯೋನನ ಧ್ವನಿಯು ಕೆಟ್ಟಿತು. ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ಪ್ರಸಂಗವಾದ ಮೇಲೆ ಪಿಸುಮಾತಿಗಿಂತ ಹೆಚ್ಚಿನ ಶಕ್ತಿಯು ಉಳಿಯುತ್ತಿರಲಿಲ್ಲ. ಅರವತ್ತು ತುಂಬಿದ ಮೇಲೆ ವಿಶ್ರಾಂತಿ ಹೊಂದಬೇಕೆಂದು ಆತನು ಎಣಿಸಿದ್ದನು. ಆದರೆ ೧೮೧೯ರಲ್ಲಿ, ಆ ವಯಸ್ಸು ಬಂದಾಗಲೇ, ಬಲವು ತಿರುಗಿ ಬಂದಿತು. ಕೊಟ್ಟಾತನ ಕೆಲಸಕ್ಕೇ ಇದು ಎಂದು ತಿಳಿದು ಇನ್ನೂ ಹದಿನೇಳು ವರ್ಷ ದುಡಿದನು. ಹೀಗೆ ಒಂದೇ ದೇವಾಲಯದಲ್ಲಿ ಒಟ್ಟು ೫೪ ವರ್ಷ ಸೇವೆ ನಡೆಯಿತು. ಹಿಂದೆ ಕಲ್ಲೆಸೆದ ಊರಿನಲ್ಲಿಯೇ ದೇವಾಲಯವು ಕಿಕ್ಕಿರಿದು ತುಂಬುವಂತಾಯಿತು.

೧೮೩೬ರ ಶರತ್ಕಾಲದಲ್ಲಿ ಚಳಿ ತಗಲಿ ಹಾಸಿಗೆ ಹಿಡಿದನು. ಕಡೆಯ ದಿನಗಳಲ್ಲಿ ಸತ್ಯವೇದದ ಮೊಟ್ಟಮೊದಲ ಮಾತನ್ನು, ಅಂದರೆ ದೇವರು ಆಕಾಶವನ್ನೂ ಭೂಮಿಯನ್ನೂ ಉಂಟುಮಾಡಿದ ಸಂಗತಿಯನ್ನು ಧ್ಯಾನಿಸುತ್ತಾ, ಏನೂ ಇಲ್ಲದಲ್ಲಿಂದ ಲೋಕಗಳನ್ನು ತಂದಾತನು ತನ್ನಿಂದಲೂ ಏನಾದರೂ ಮಾಡಬಲ್ಲನೆಂದು ಸಮಾಧಾನ ಹೊಂದಿದನು. ನವೆಂಬರ್ ೧೩ನೆಯ ತಾರೀಖು ಆದಿತ್ಯವಾರ ಮಧ್ಯಾಹ್ನ, ವಿಶ್ವವಿದ್ಯಾಲಯದವರ ಪ್ರಸಂಗಕ್ಕಾಗಿ ಗಂಟೆಯು ಬಾರಿಸುತ್ತಿರುವಾಗ ಆತನ ಪ್ರಾಣವು ಹೋಯಿತು. ಆ ಪ್ರಸಂಗವನ್ನು ಮಾಡಬೇಕಾಗಿದ್ದವನು ಆತನೇ. ೧೯ನೆಯ ತಾರೀಖು ಶವಸಂಸ್ಕಾರವಾಯಿತು. ಅಂದು ಸಂತೆಯ ದಿನವಾದರೂ ಪಟ್ಟಣದ ಅಂಗಡಿಗಳು ಮುಚ್ಚಿದ್ದವು. ಆತನ ಸ್ಮಾರಕಶಿಲೆಯಲ್ಲಿ ಹೊಗಳಿಕೆಯಿಲ್ಲ. ಶಿಲುಬೆಗೆ ಹಾಕಲ್ಪಟ್ಟ ಕ್ರಿಸ್ತನನ್ನಲ್ಲದೆ ಬೇರೇನನ್ನೂ ತಿಳಿಯಬಾರದೆಂದು ಪೌಲನು ಕೊರಿಂಥದವರ ನಡುವೆ ಮಾಡಿದ ನಿರ್ಣಯವನ್ನು ಈತನೂ ತನ್ನದಾಗಿ ಮಾಡಿಕೊಂಡನೆಂಬುದು ಮಾತ್ರ ಕೆತ್ತಲ್ಪಟ್ಟಿದೆ.

ಪ್ರಿಯರೇ, ಈ ಚರಿತ್ರೆಯಿಂದ ನಾವು ಏನು ಕಲಿಯಬೇಕು? ಉಪದೇಶಿಗಳಾದ ಸಹೋದರರೇ, ನಿಮ್ಮಲ್ಲಿ ಅನೇಕರಿಗೆ ಕಾಲೇಜಿನ ವಿದ್ಯೆಯಿಲ್ಲ, ಪುಸ್ತಕಗಳಿಲ್ಲ. ಹಗಲೆಲ್ಲಾ ಹೊಲದಲ್ಲಿ ದುಡಿದು ಸಾಯಂಕಾಲ ದೀಪದ ಮುಂದೆ ಕೂಡ್ರುವವರೂ ಇದ್ದೀರಿ. ಆದರೆ ಆದಿತ್ಯವಾರದ ವಚನವನ್ನು ಸೋಮವಾರವೇ ಆರಿಸಿಕೊಂಡು, ಅದರ ಹಿಂದುಮುಂದಿನ ಅಧ್ಯಾಯವನ್ನು ದಿನಕ್ಕೊಂದಾವರ್ತಿ ಓದುವದಕ್ಕೆ ಹಣ ಬೇಡ. ಇದರ ಮುಖ್ಯ ವಿಷಯವೇನೆಂದು ಒಂದು ವಾಕ್ಯದಲ್ಲಿ ಬರೆದುಕೊಳ್ಳುವದಕ್ಕೆ ಪದವಿ ಬೇಡ. ಆ ಒಂದು ವಾಕ್ಯವು ದೊರೆಯುವ ವರೆಗೆ ಬಾಯಿ ತೆರೆಯದಿರುವ ತಾಳ್ಮೆ ಮಾತ್ರ ಬೇಕು.

ಕೇಳುವವರಾದ ನಮಗೂ ಪಾಲಿದೆ. ಬೆಂಚಿಗೆ ಬೀಗ ಹಾಕುವವರು ಈಗ ಇಲ್ಲದಿರಬಹುದು. ಆದರೆ ಬೋಧಕನು ನಮಗೆ ಒಗ್ಗದ ಸತ್ಯವನ್ನು ಹೇಳಿದಾಗ ಮನಸ್ಸಿಗೆ ಬೀಗ ಹಾಕುವವರು ನಮ್ಮಲ್ಲಿ ಇದ್ದೇವೆ. ಮನೆಗೆ ಹೋದ ಮೇಲೆ ಸತ್ಯವೇದವನ್ನು ತೆರೆದು, ಕೇಳಿದ ಮಾತು ಆ ವಚನದಲ್ಲಿ ಇದೆಯೋ ಎಂದು ಮಕ್ಕಳೊಡನೆ ಕೂಡಿ ಶೋಧಿಸೋಣ. ಇದ್ದರೆ, ಹೇಳಿದವನು ಯಾರೇ ಆಗಲಿ, ಅದಕ್ಕೆ ತಲೆಬಾಗೋಣ. ಬೋಧಕನು ವಾರವೆಲ್ಲಾ ನಮಗಾಗಿ ವಾಕ್ಯವನ್ನು ಅಗೆಯುತ್ತಿರುವಾಗ, ನಾವು ಆತನಿಗಾಗಿ ಪ್ರಾರ್ಥಿಸದೆ ಆದಿತ್ಯವಾರ ಒಳ್ಳೇ ಪ್ರಸಂಗವನ್ನು ಬಯಸುವದು ನ್ಯಾಯವಲ್ಲ. ಹಳ್ಳಿಯ ಚಿಕ್ಕ ಸಭೆಗಳಲ್ಲಿಯೂ ವಾಕ್ಯವನ್ನು ಹೀಗೆ ಭಯಭಕ್ತಿಯಿಂದ ಬಿಡಿಸಿ ಹೇಳುವವರನ್ನೂ, ನಮ್ರತೆಯಿಂದ ಕೇಳುವವರನ್ನೂ ಕರ್ತನು ಎಬ್ಬಿಸಲಿ.